ಮಂಜು ನೋಡಿ ಬೆಳೆದ ಕಣ್ಣಿಗೆ ಕಡಲಿನ ಚಿತ್ರ ಒಲಿಯುವುದು ಹೇಗೆ?

ಪ್ರಶ್ನೆ (ಮಡಿಕೇರಿಯಿಂದ):

ಹನ್ನೊಂದು ವರ್ಷಗಳಿಂದ ನಮ್ಮ ತೋಟದ ಮಂಜು, ಊರಿನ ದೇವರಕಾಡು ಮತ್ತು ಮಳೆಗಾಲದ ಗದ್ದೆಗಳನ್ನು ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಸೆರೆಹಿಡಿಯುತ್ತಾ ಬಂದಿದ್ದೇನೆ. ಎರಡು ವರ್ಷಗಳಿಂದ ಮನಸ್ಸು ಕಡಲಿನ ಕಡೆಗೆ ಎಳೆಯುತ್ತಿದೆ. ಸಂಪಾಜೆ ಘಾಟಿ ಇಳಿದು ಉಳ್ಳಾಲದ ಸೋಮೇಶ್ವರಕ್ಕೂ, ಮಾಕುಟ್ಟದ ದಾರಿಯಾಗಿ ಕಣ್ಣೂರಿಗೂ ಹಲವು ಬಾರಿ ಹೋಗಿ ಬಂದೆ. ಆದರೆ ತಂದ ಚಿತ್ರಗಳೆಲ್ಲ ಗೋಡೆಯ ಕ್ಯಾಲೆಂಡರಿಗೆ ಸಲ್ಲುವಂಥವು: ಮುಳುಗುವ ಸೂರ್ಯ, ಒಂಟಿ ದೋಣಿ, ಬಂಡೆಗೆ ಬಡಿಯುವ ಅಲೆ.

ತೋಟದಲ್ಲಿ ಮಂಜು ಇಳಿದಾಗ ಹತ್ತು ಮಾರು ದೂರದ ಸಿಲ್ವರ್ ಓಕ್ ಮರ ಒಂದು ತೆಳುಗೆರೆಯಾಗಿ ನಿಲ್ಲುತ್ತದೆ, ಅದರಾಚೆಯದು ಇಲ್ಲವಾಗುತ್ತದೆ. ಚೌಕಟ್ಟಿನಿಂದ ಏನನ್ನು ಬಿಡಬೇಕೆಂಬುದನ್ನು ಮಂಜೇ ತೀರ್ಮಾನಿಸಿಬಿಡುತ್ತದೆ. ಕಡಲ ಮುಂದೆ ಎಲ್ಲವೂ ತೆರೆದುಕೊಂಡಿರುವುದರಿಂದ ಬಿಡುವ ಕೆಲಸ ನನ್ನ ಪಾಲಿಗೆ ಬರುತ್ತದೆ, ಅದು ನನಗೆ ಒಗ್ಗುತ್ತಿಲ್ಲ. ಲೆನ್ಸಿನೊಳಗೆ ಬರುವ ಬೆಳಕನ್ನು ತಗ್ಗಿಸುವ ಗಾಢವಾದ ಎನ್‌ಡಿ ಫಿಲ್ಟರ್ ಹಾಕಿ ದೀರ್ಘ ಎಕ್ಸ್‌ಪೋಷರ್ ಕೊಡುವುದೇ, ಅಂದರೆ ಶಟರನ್ನು ಬಹಳ ಹೊತ್ತು ತೆರೆದಿಡುವುದೇ, ಇದಕ್ಕೆ ದಾರಿಯೇ? ಇನ್ನೊಂದು ಸಂಕಟವೂ ಇದೆ. ನನಗೆ ಬಹಳ ಪ್ರಿಯವಾದ ಮಂಜಿನ ಚಿತ್ರವೊಂದನ್ನು ದೊಡ್ಡದಾಗಿ ಮುದ್ರಿಸಲು ನಗರದ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಬಂದ ಪ್ರತಿಯಲ್ಲಿ ಬಿಳಿಯ ಪದರಗಳೆಲ್ಲ ಒಂದಾಗಿ, ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಕಡಲಿನ ಚಿತ್ರಗಳಿಗೂ ಅದೇ ಗತಿಯಾದೀತೆಂಬ ಅಳುಕಿದೆ.

ಉತ್ತರ (ವಿರಾಜಪೇಟೆಯಿಂದ):

ಫಿಲ್ಟರಿನ ಮಾತಿಗಿಂತ ಮೊದಲು ನೀವು ಕಡಲಿಗೆ ಯಾವಾಗ ಹೋಗುತ್ತೀರಿ ಎಂಬುದನ್ನು ನೋಡಬೇಕು. ಡಿಸೆಂಬರಿನಲ್ಲಿ ರಜೆಯ ದಿನ ಸಂಜೆ ಹೋದರೆ ಎಲ್ಲರಿಗೂ ಸಿಗುವ ಸೂರ್ಯನೇ ನಿಮಗೂ ಸಿಗುತ್ತಾನೆ. ಜೂನ್, ಜುಲೈ ತಿಂಗಳಲ್ಲಿ ಹೋಗಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅವು ಕಡಲಿಗಿಳಿಯುವುದಿಲ್ಲ, ಮೋಡ ಕವಿದಿರುವುದರಿಂದ ಸೂರ್ಯನೂ ಕಾಣುವುದು ಅಪರೂಪ. ನಿಮ್ಮನ್ನು ಕಾಡುತ್ತಿರುವ ಎರಡು ವಸ್ತುಗಳು ತಾವಾಗಿಯೇ ಚೌಕಟ್ಟಿನಿಂದ ಹೊರಗುಳಿಯುತ್ತವೆ. ದಿಗಂತದ ಮೇಲೆ ಮಳೆಯ ಪರದೆ ಇಳಿಯುವಾಗ ನೀವು ತೋಟದಲ್ಲಿ ಕಂಡದ್ದೇ ಅಲ್ಲಿಯೂ ಕಾಣುತ್ತದೆ.

ಇನ್ನೊಂದು ಮಾತನ್ನು ಮನಸಾರೆ ಹೇಳುತ್ತೇನೆ. ಕಡಲು ನಮಗೆ ಪರಕೀಯವೇನಲ್ಲ. ಕೊಡಗಿನ ಮಳೆಯೆಂದರೆ ಕಾವೇರಿಯೊಡನೆ ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿ ಸೇರುವ ನೀರು ಎಂದಷ್ಟೇ ನಾವು ಹೇಳಿಕೊಳ್ಳುತ್ತೇವೆ. ಆದರೆ ಪುಷ್ಪಗಿರಿಯ ಮಗ್ಗುಲಿನ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ, ಪಯಸ್ವಿನಿ ಸುಳ್ಯವನ್ನು ಹಾದು ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲಿಗೆ ಬೀಳುತ್ತದೆ, ಬಾರಾಪೊಳೆಯ ನೀರು ವಳಪಟ್ಟಣಂ ನದಿಯ ಮೂಲಕ ಕಣ್ಣೂರಿನ ಕಡೆ ಸಾಗುತ್ತದೆ. ಅಂದರೆ ನಿಮ್ಮ ಹನ್ನೊಂದು ವರ್ಷದ ಕೆಲಸ ಈ ನೀರಿನ ಮೊದಲ ಅಧ್ಯಾಯ. ಈ ಮೂರು ಅಳಿವೆಗಳಲ್ಲಿ ಒಂದನ್ನು ಆರಿಸಿಕೊಂಡು ಒಂದೇ ಜಾಗಕ್ಕೆ ಮರಳಿ ಮರಳಿ ಹೋಗುವುದು ಒಳ್ಳೆಯದು. ಜಪಾನಿನ ಛಾಯಾಗ್ರಾಹಕ ಹಿರೋಷಿ ಸುಗಿಮೊಟೊ 1980ರಿಂದ ಬೇರೆ ಬೇರೆ ಸಮುದ್ರಗಳ ಮುಂದೆ ನಿಂತು, ದಿಗಂತವನ್ನು ಚೌಕಟ್ಟಿನ ನಡುಮಧ್ಯದಲ್ಲಿಟ್ಟು, ಮೇಲೆ ಗಾಳಿ, ಕೆಳಗೆ ನೀರು ಎಂಬಷ್ಟನ್ನೇ ಉಳಿಸಿಕೊಂಡು ಕಪ್ಪು-ಬಿಳುಪಿನಲ್ಲಿ ಕೆಲಸ ಮಾಡಿದರು. ಒಂದನ್ನು ಮಾತ್ರ ನೋಡಿದರೆ ಏನೂ ಇಲ್ಲವೆನಿಸುವ ಆ ಚಿತ್ರಗಳು ಸಾಲಾಗಿ ಕಂಡಾಗ ಒಂದಕ್ಕೊಂದು ಎಷ್ಟು ಬೇರೆಯೆಂಬುದು ತಿಳಿಯುತ್ತದೆ.

ಮುಂಗಾರಿನಲ್ಲಿ ಅಳಿವೆಯ ಬಾಯಲ್ಲಿ ಒಂದು ಅಂಚನ್ನು ಹುಡುಕಿ. ಘಟ್ಟದಿಂದ ಬಂದ ಕೆಂಪು ನೀರೂ ಕಡಲಿನ ಹಸಿರು-ಬೂದು ನೀರೂ ಕೂಡಲೇ ಬೆರೆಯುವುದಿಲ್ಲ, ನಡುವೆ ನೊರೆಯ ಒಂದು ಸಾಲು ಬೀಳುತ್ತದೆ. ಬಣ್ಣದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪಿಗೆ ತರುವಾಗ ಕೆಂಪು ಚಾನೆಲ್ಲಿಗೆ, ಅಂದರೆ ಚಿತ್ರದ ಕೆಂಪು ಬೆಳಕಿನ ಪಾಲಿಗೆ, ಹೆಚ್ಚು ಒತ್ತು ಕೊಟ್ಟರೆ ಹೊಳೆಯ ನೀರು ತಿಳಿಯಾಗಿಯೂ ಕಡಲು ಕಪ್ಪಾಗಿಯೂ ಬರುತ್ತದೆ. ನಮ್ಮ ಮಣ್ಣು ಕಡಲಿನೊಳಗೆ ಹೋಗುತ್ತಿರುವ ಆ ಗೆರೆಯನ್ನು ಕಂಡ ದಿನ ನಾನು ಬಹಳ ಹೊತ್ತು ಕ್ಯಾಮೆರಾ ಮುಟ್ಟಲಿಲ್ಲ.

ಉತ್ತರ (ಸೋಮವಾರಪೇಟೆಯವನು, ಈಗ ಮಂಗಳೂರಿನಲ್ಲಿ):

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ದೀರ್ಘ ಎಕ್ಸ್‌ಪೋಷರ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದೊಂದು ಸ್ಟಾಪ್ ಬೆಳಕನ್ನು ಅರ್ಧಕ್ಕೆ ಇಳಿಸುತ್ತದೆ; ಹತ್ತು ಸ್ಟಾಪಿನ ಫಿಲ್ಟರ್ ಅದನ್ನು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುವುದರಿಂದ, ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು ಸಾಕಾಗುತ್ತಿದ್ದ ಎಕ್ಸ್‌ಪೋಷರ್ ಅರ್ಧ ನಿಮಿಷವಾಗುತ್ತದೆ, ಅಷ್ಟರಲ್ಲಿ ಅಲೆಗಳೆಲ್ಲ ಕರಗಿ ಕಡಲು ಮಂಜಾಗುತ್ತದೆ. ಮಂಜನ್ನೇ ಪ್ರೀತಿಸುವ ನಿಮಗೆ ಅದು ತಕ್ಷಣ ಹಿಡಿಸುತ್ತದೆ, ಅದೇ ಅಪಾಯ. ಇಂಗ್ಲೆಂಡಿನ ಛಾಯಾಗ್ರಾಹಕ ಮೈಕೇಲ್ ಕೆನ್ನಾ ರಾತ್ರಿಯಲ್ಲಿ ಗಂಟೆಗಟ್ಟಲೆ ಎಕ್ಸ್‌ಪೋಷರ್ ಕೊಟ್ಟು ಅಂಥ ನೀರನ್ನು ಎಷ್ಟು ಸೊಗಸಾಗಿ ತೋರಿಸಿದ್ದಾರೆಂದರೆ, ಅವರ ನಂತರ ಬಂದವರದ್ದೆಲ್ಲ ಅವರ ನೆರಳಿನಂತೆ ಕಾಣುತ್ತದೆ. ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡಿನವರೆಗಿನ ಅವಧಿಯನ್ನು ಪ್ರಯತ್ನಿಸಿ. ಅಲೆ ಹಿಂದೆ ಸರಿಯುವಾಗ ನೊರೆ ಮರಳಿನ ಮೇಲೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ, ನೀರಿಗೆ ತೂಕ ಉಳಿಯುತ್ತದೆ.

ಟ್ರೈಪಾಡಿನ ಕಾಲುಗಳನ್ನು ಒದ್ದೆ ಮರಳಿನಲ್ಲಿ ಗೇಣುದ್ದ ಒತ್ತಿ ನಿಲ್ಲಿಸಿ. ಸರಿಯುವ ನೀರು ಕಾಲಿನ ಸುತ್ತಲಿನ ಮರಳನ್ನು ಸೆಳೆದುಕೊಂಡು ಹೋಗುವುದರಿಂದ ಮೇಲ್ಮೇಲೆ ಇಟ್ಟ ಟ್ರೈಪಾಡ್ ನಿಮಗೆ ಗೊತ್ತಾಗದಂತೆ ಕುಸಿಯುತ್ತದೆ. ಲೆನ್ಸಿನ ಮೇಲೆ ಉಪ್ಪಿನ ಹನಿ ಒಣಗಿದ್ದರೆ ಒಣಬಟ್ಟೆಯಿಂದ ಉಜ್ಜಬಾರದು, ಸಿಹಿನೀರಿನಲ್ಲಿ ತೇವ ಮಾಡಿದ ಮೆತ್ತನೆಯ ಬಟ್ಟೆಯಿಂದ ಮೊದಲು ಕರಗಿಸಿ ತೆಗೆಯಬೇಕು. ಮಳೆಗಾಲದ ಕಡಲಿಗೆ ಬೆನ್ನು ತೋರಿಸಿ ನಿಲ್ಲಬೇಡಿ, ಸೋಮೇಶ್ವರದ ಬಂಡೆಗಳ ಮೇಲಂತೂ ಹೋಗಲೇಬೇಡಿ.

ಉತ್ತರ (ಕುಶಾಲನಗರದಿಂದ):

ಮುದ್ರಣದ ಬಗ್ಗೆ ಮಾತ್ರ ಹೇಳುತ್ತೇನೆ. ನಿಮ್ಮ ಚಿತ್ರ ಬೂದಿಯಾದದ್ದಕ್ಕೆ ಯಂತ್ರದ ಸ್ವಯಂಚಾಲಿತ ತಿದ್ದುಪಡಿ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಹೆಚ್ಚು ಬಿಳಿಯಿರುವ ಚಿತ್ರವನ್ನು ಅದು ತಪ್ಪೆಂದು ಭಾವಿಸಿ ಕಪ್ಪಾಗಿಸುತ್ತದೆ. ಅದನ್ನು ನಿಲ್ಲಿಸಲು ಮೊದಲೇ ಹೇಳಿ, ಅಂಗಡಿಯವರು ಬಳಸುವ ಕಾಗದದ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಕಡತ) ಪಡೆದು ನಿಮ್ಮ ಪರದೆಯ ಮೇಲೆ ಪರಿಶೀಲಿಸಿ, ಪೂರ್ತಿ ಮುದ್ರಿಸುವ ಮೊದಲು ಅತಿ ತಿಳಿಯಾದ ಭಾಗದ ಅಂಗೈ ಅಗಲದ ತುಂಡೊಂದನ್ನು ತೆಗೆಸಿ ಕಿಟಕಿಯ ಬೆಳಕಿನಲ್ಲಿ ನೋಡಿ. ಹತ್ತಿಯ ಮ್ಯಾಟ್ ಕಾಗದ ಮತ್ತು ಪಿಗ್ಮೆಂಟ್ ಶಾಯಿ ಇಂಥ ಚಿತ್ರಗಳಿಗೆ ಹೊಂದುತ್ತವೆ. ಇಪ್ಪತ್ತನಾಲ್ಕು ಮೆಗಾಪಿಕ್ಸೆಲಿನ ಚಿತ್ರವನ್ನು ಇಂಚಿಗೆ 300 ಪಿಕ್ಸೆಲಿನಂತೆ ಮುದ್ರಿಸಿದರೆ 20 ಇಂಚು ಅಗಲ ಬರುತ್ತದೆ, ಅದಕ್ಕಿಂತ ದೊಡ್ಡದು ಬೇಕೇ ಎಂದು ಯೋಚಿಸಿ. ಕಕ್ಕಡದ (ಜುಲೈ-ಆಗಸ್ಟಿನ ಮಳೆಯ ಕೊಡವ ತಿಂಗಳು) ತೇವದಲ್ಲಿ ಪ್ರತಿಗಳನ್ನೂ ಲೆನ್ಸುಗಳನ್ನೂ ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನೊಂದಿಗೆ ಇಡದಿದ್ದರೆ ಬೂಷ್ಟು ಖಂಡಿತ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ತೋಟದ ಕೆಳಗಿನ ತೊರೆ ಪಯಸ್ವಿನಿಯನ್ನು ಸೇರುತ್ತದೆ ಎಂಬುದು ಚಿಕ್ಕಂದಿನಿಂದ ಗೊತ್ತಿದ್ದರೂ ಅದರ ಬೆನ್ನು ಹಿಡಿದು ಕಡಲಿನವರೆಗೆ ಹೋಗಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಫಿಲ್ಟರ್ ಕೊಳ್ಳುವುದನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಮಳೆ ಹಿಡಿದ ಮೇಲೆ ತೊರೆಯ ನೀರು ಕೆಂಪಾದ ಮರುದಿನವೇ ಕಾಸರಗೋಡಿಗೆ ಹೊರಡುತ್ತೇನೆ, ಚಿತ್ರಗಳನ್ನು ಇಲ್ಲಿಯೇ ಹಾಕುತ್ತೇನೆ.