ಓದಿಗಿಂತ ಕಾಯುವುದೇ ದುಬಾರಿಯಾದರೆ ಏನು ಮಾಡಬೇಕು?

ಬ್ಯಾಡಗಿಯವಳು:
ಅಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಸಂಜೆ ಕೈಗೆ ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೊಂಡರೂ ಉರಿ ಪೂರ್ತಿ ಇಳಿಯುವುದಿಲ್ಲ. ತಮ್ಮ ಚಿಕ್ಕವನಿದ್ದಾಗ ಅವನ ಮುಖ ತೊಳೆಸುವುದು ನನ್ನ ಪಾಲಿನ ಕೆಲಸವಾಗಿತ್ತು. ಅವ್ವ ಮುಟ್ಟಿದರೆ ಅವನ ಕಣ್ಣು ಉರಿಯುತ್ತಿತ್ತು. ಆ ದುಡ್ಡಿನಲ್ಲಿ ನನಗೆ ಪದವಿ ಓದಿಸಿ, ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆಗೆಂದು ಧಾರವಾಡದ ಸಪ್ತಾಪುರದಲ್ಲಿ ಇರಿಸಿದರು.

545 ಹುದ್ದೆಗಳ ಆ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಲ್ಲಿಯವರೆಗೆ ಬಾಡಿಗೆ, ಖಾನಾವಳಿ, ಓದುವ ಕೊಠಡಿಯ ಶುಲ್ಕ ಯಾವುದೂ ನಿಲ್ಲಲಿಲ್ಲ. ನನ್ನ ಜೊತೆಗಿದ್ದ ಗೆಳತಿಯ ತಂದೆ ಸರ್ಕಾರಿ ನೌಕರರು. ಅವಳು ಅಲ್ಲಿಯೇ ಉಳಿದು ಓದಿದಳು. ನಾನು ಊರಿಗೆ ಬಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯತೊಡಗಿದೆ. ಮೆಣಸಿನಕಾಯಿ ಆವಕ ಹೆಚ್ಚಿರುವ ದಿನಗಳಲ್ಲಿ ರಾತ್ರಿ ಪುಸ್ತಕ ತೆರೆಯುವ ತ್ರಾಣವೇ ಉಳಿಯುತ್ತಿರಲಿಲ್ಲ. ಅವಳು ಆಯ್ಕೆಯಾದಳು. ಅವಳ ಶ್ರಮವನ್ನು ಕಣ್ಣಾರೆ ಕಂಡಿದ್ದೇನೆ, ಅವಳಿಗೆ ಅದು ಸಲ್ಲಬೇಕಾದದ್ದೇ. ಆದರೆ ಜನ ‘ಅವಳಿಗೆ ಛಲವಿತ್ತು, ನಿನಗಿರಲಿಲ್ಲ’ ಎಂದಾಗ ತಡೆದುಕೊಳ್ಳಲಾಗುವುದಿಲ್ಲ. ನಮ್ಮಂಥ ಮನೆಗಳಿಂದ ಹೋಗಿ ನೌಕರಿ ಹಿಡಿದವರು ಈ ಕಾಯುವ ಕಾಲವನ್ನು ಹೇಗೆ ದಾಟಿದಿರಿ?

ಧಾರವಾಡದ ಉಪನ್ಯಾಸಕ:
ತಂಗಿ, ಛಲದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ಸಮಾಜಶಾಸ್ತ್ರ ಕಲಿಸುತ್ತೇನೆ. ಜರ್ಮನಿಯ ಮ್ಯಾಕ್ಸ್ ವೆಬರ್ ವರ್ಗವನ್ನು ‘ಬದುಕಿನ ಅವಕಾಶ’ಗಳ ಮೂಲಕ ವಿವರಿಸಿದರು: ಕೈಯಲ್ಲಿರುವ ಆಸ್ತಿ, ಕಲಿತ ವಿದ್ಯೆ ಮಾರುಕಟ್ಟೆಯಲ್ಲಿ ಯಾರಿಗೆ ಯಾವ ಬಾಗಿಲು ತೆರೆಯುತ್ತವೆ ಎಂಬುದು. ಸಮಾಜ ಕೊಡುವ ಅಂತಸ್ತನ್ನು ಅವರು ಬೇರೆಯಾಗಿಯೇ ನೋಡಿದರು. ನೀವಿಬ್ಬರೂ ಒಂದೇ ಪದವಿಯವರು, ಒಂದೇ ಕೋಣೆಯವರು. ಆದರೆ ತಿಂಗಳ ಸಂಬಳದ ಮನೆ ತಡವನ್ನು ತಾಳಿಕೊಳ್ಳುತ್ತದೆ, ದಿನಗೂಲಿಯ ಮನೆ ಅದಕ್ಕೆ ಸಾಲ ಮಾಡಬೇಕಾಗುತ್ತದೆ. ಪರೀಕ್ಷೆ ಮುಂದೆ ಹೋದಾಗಲೆಲ್ಲ ಬಡವರ ಮಕ್ಕಳು ಸದ್ದಿಲ್ಲದೆ ಕೋಣೆ ಖಾಲಿ ಮಾಡುತ್ತಾರೆ. ಅವರು ಅನುತ್ತೀರ್ಣರ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಬೆಟಗೇರಿಯವನು:
ನಮ್ಮ ತಂದೆ ಸೀರೆ ನೇಯುವವರು. ಅವ್ವ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದ ರೊಟ್ಟಿ ಬುತ್ತಿಯಿಂದ ನನ್ನ ಊಟದ ಖರ್ಚು ಉಳಿಯುತ್ತಿತ್ತು, ಬಾಡಿಗೆಗೆ ದಾರಿ ಇರಲಿಲ್ಲ. ಅದಕ್ಕೇ ಮೊದಲು ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿಕೊಂಡೆ. ಮೇಲಿನ ಹುದ್ದೆಗೆ ಈಗಲೂ ಓದುತ್ತಿದ್ದೇನೆ. ತಿಂಗಳಿಗೆ ಸಂಬಳ ಬರುವುದರಿಂದ ಅಧಿಸೂಚನೆ ತಡವಾದರೂ ಮನೆಯವರ ಮುಖ ನೋಡಲು ಅಳುಕುವುದಿಲ್ಲ. ನೀವೂ ಹಾಗೆ ಮಾಡಿ ಅಕ್ಕಾ.

ಇನ್ನೊಂದು ಮಾತು. ಶಾಲೆ ಬ್ಯಾಡಗಿ ಪಟ್ಟಣದಲ್ಲೇ ಆಗಿದ್ದರೆ ಗ್ರಾಮೀಣ ಮೀಸಲಾತಿ ನಿಮಗೆ ಸಿಗುವುದಿಲ್ಲ. ಅದು ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ. ಹಮಾಲರ ಮಗಳು ಪುರಸಭೆಯ ಗಡಿಯೊಳಗೆ ಓದಿದಳೆಂದು ಹೊರಗುಳಿಯುವುದು ನನಗೆ ಅನ್ಯಾಯವೆನಿಸುತ್ತದೆ. ಆದರೆ ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ, ಅದನ್ನು ಬಿಡಬೇಡಿ.

ಬ್ಯಾಡಗಿಯವಳು:
ಇಬ್ಬರಿಗೂ ಧನ್ಯವಾದ. ಸರ್, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಇನ್ನೊಂದು ವರ್ಷ ಧಾರವಾಡದಲ್ಲಿ ಇರಿಸಲಾಗಲಿಲ್ಲವೆಂಬ ಕೊರಗು ಅವರಿಗೂ ಇತ್ತು. ಬೆಟಗೇರಿಯ ಅಣ್ಣಾ, ನಾನು ಏಳನೆಯವರೆಗೆ ಒಂದು ಶಾಲೆ, ಎಂಟರಿಂದ ಇನ್ನೊಂದು ಶಾಲೆಯಲ್ಲಿ ಓದಿದ್ದೇನೆ. ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನು ಎರಡೂ ಕಡೆಯಿಂದ ತರಬೇಕೇ?

ಬೆಟಗೇರಿಯವನು:
ಹೌದು, ಎರಡೂ ಕಡೆಯ ಮುಖ್ಯೋಪಾಧ್ಯಾಯರ ಸಹಿ, ಮೊಹರು ಬೇಕು. ಅಧಿಸೂಚನೆಗೆ ಕಾಯದೆ ಈಗಲೇ ಮಾಡಿಸಿಡಿ.