ಕ್ಯಾಬಿನೆಟ್ ಜೊತೆ ಫ್ರೀ ಬರುವ ಎಸ್‌ಎಂಪಿಎಸ್ ಸಾಕಾ?

ಮಲೆನಾಡ ಮಳೆ:
ನಮಸ್ಕಾರ. ಮೊದಲ ಸಲ ನಾನೇ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ರೈಜನ್ 5 5600 ಪ್ರೊಸೆಸರ್, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ. ಇಷ್ಟಕ್ಕೇ ಜೇಬು ಖಾಲಿ. ಕ್ಯಾಬಿನೆಟ್ ಜೊತೆ 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ) ಫ್ರೀ, ಅದೇ ಸಾಕು ಅಂತಾರೆ ಅಂಗಡಿಯವರು. 750ಕ್ಕಿಂತ ಕಡಿಮೆ ಮುಟ್ಟಲೇಬೇಡ ಅಂತಾನೆ ಗೆಳೆಯ. ಯಾರ ಮಾತು ಕೇಳಲಿ? ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಮನೆಯಲ್ಲಿ 600 ವಿಎ ಯುಪಿಎಸ್ ಒಂದಿದೆ.

ಸೋಲ್ಡರ್ ಹೊಗೆ:
ಇಬ್ಬರ ಮಾತೂ ಬೇಡ. ಆ ಫ್ರೀ ಡಬ್ಬದ ಪಕ್ಕದಲ್ಲಿ ಒಂದು ಸ್ಟಿಕರ್ ಇರುತ್ತದೆ, ಅದರಲ್ಲಿ +12ವಿ ಅನ್ನುವ ಕಡೆ ಎಷ್ಟು ಆಂಪ್ಸ್ ಬರೆದಿದೆ ನೋಡಿ ಹೇಳಿ.

ಮಲೆನಾಡ ಮಳೆ:
ಅಂಗಡಿಯವರು ಫೋಟೋ ಕಳಿಸಿದರು. 18 ಆಂಪ್ಸ್ ಇದೆ.

ಸೋಲ್ಡರ್ ಹೊಗೆ:
ಅಲ್ಲಿಗೆ ಲೆಕ್ಕ ಮುಗಿಯಿತು. 12 ಗುಣಿಸು 18, ಬರೀ 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್ ಲೈನಿನಿಂದಲೇ. 3060 ಒಂದೇ 170 ವ್ಯಾಟ್ ಕೇಳುತ್ತದೆ, ಪ್ರೊಸೆಸರ್‌ಗೆ ಸುಮಾರು 76, ಬೋರ್ಡು ಫ್ಯಾನು ಸೇರಿಸಿದರೆ 300ರ ಹತ್ತಿರ ಹೋಗುತ್ತದೆ. ಡಬ್ಬದ ಮೇಲಿನ 450 ಅನ್ನುವುದು 3.3, 5 ವೋಲ್ಟ್ ಎಲ್ಲಾ ಕೂಡಿಸಿ, ಅದರ ಮೇಲೆ ಇನ್ನೊಂದಿಷ್ಟು ಉಪ್ಪುಖಾರ ಹಚ್ಚಿ ಬರೆದದ್ದು. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಲೈನೊಂದೇ 500ರ ಮೇಲೆ ಕೊಡುತ್ತದೆ. 3060ಗೆ ಅದರ ಕಂಪನಿ ಎನ್ವಿಡಿಯಾ ಹೇಳುವುದೂ 550ನ್ನೇ. 750 ನಿಮಗೆ ಸುಮ್ನೆ ದಂಡ. 80 ಪ್ಲಸ್ ಬ್ರಾಂಜ್ ಇದ್ದರೆ ಸಾಕು, ಆದರೆ ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಅಳತೆ ಅಷ್ಟೇ, ಒಳಗಿನ ಸಾಮಾನು ಗಟ್ಟಿ ಅಂತ ಸರ್ಟಿಫಿಕೇಟ್ ಅಲ್ಲ. ಐದು ವರ್ಷ ವಾರಂಟಿ ಇರುವುದನ್ನು ಹುಡುಕಿ.

ಇನ್ನೊಂದು, ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ ಎಸ್‌ಎಂಪಿಎಸ್‌ನಿಂದಲೇ ಬಂದಿರಬೇಕು. ಹಳೇ ಹಾರ್ಡ್ ಡಿಸ್ಕಿನ ಪಿನ್ನಿಗೆ ಕನ್ವರ್ಟರ್ ಹಾಕಿ ಕೊಡುತ್ತೇವೆ ಅಂದರೆ ಎದ್ದು ಬನ್ನಿ. ನಾನು ಒಮ್ಮೆ ಹಾಗೆ ಹಾಕಿ, ಪ್ಲಾಸ್ಟಿಕ್ ಕರಗಿದ ವಾಸನೆ ಬಂದ ಮೇಲೆ ಬುದ್ಧಿ ಕಲಿತವನು.

ಫ್ಯೂಸ್ ಅಣ್ಣ:
ಯುಪಿಎಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ಆಟ ಆಡುವಾಗ ಕರೆಂಟ್ ಹೋದರೆ ಮಾನಿಟರ್ ಸೇರಿ ಅದರ ಮಿತಿ ಮುಟ್ಟುತ್ತದೆ, ಒಮ್ಮೆ ಕಿರುಚಿ ಆಫ್ ಆದರೂ ಆಶ್ಚರ್ಯ ಇಲ್ಲ. ಬರೀ ಬ್ರೌಸಿಂಗ್‌ಗೆ ತೊಂದರೆ ಇಲ್ಲ. ಮುಂದೆ ದುಡ್ಡು ಕೂಡಿದಾಗ 1000 ವಿಎ ತಗೊಳ್ಳಿ.

ಅದಕ್ಕಿಂತ ಮೊದಲು ಅರ್ಥಿಂಗ್ ನೋಡಿಸಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಲ್ವಾ, ಬಹಳ ಸಲ ಅದಕ್ಕೇ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸೋರುವ ಸ್ವಲ್ಪ ಕರೆಂಟ್ ಭೂಮಿಗೆ ಹೋಗಲು ದಾರಿ ಇಲ್ಲದೆ ಡಬ್ಬದಲ್ಲೇ ನಿಂತಿರುತ್ತದೆ. ಎಸ್‌ಎಂಪಿಎಸ್ ಬದಲಿಸಿದರೆ ಇದು ಹೋಗುವುದಿಲ್ಲ, ಎಲೆಕ್ಟ್ರಿಷಿಯನ್ನೇ ಬರಬೇಕು.

ಮಲೆನಾಡ ಮಳೆ:
ಅಯ್ಯೋ, ನಮ್ಮ ಫ್ರಿಜ್ ಮುಟ್ಟಿದರೂ ಜುಮ್ ಅನ್ನುತ್ತದೆ! ಅಮ್ಮ ಅದಕ್ಕೇ ಚಪ್ಪಲಿ ಹಾಕಿಕೊಂಡೇ ಬಾಗಿಲು ತೆಗೆಯುವುದು. ನಾಳೆಯೇ ಎಲೆಕ್ಟ್ರಿಷಿಯನ್‌ನ ಕರೆಸುತ್ತೇನೆ. 550 ಬ್ರಾಂಜ್ ಆರ್ಡರ್ ಮಾಡಿದೆ, ರ‍್ಯಾಮ್ ಸದ್ಯಕ್ಕೆ 8ಕ್ಕೆ ಇಳಿಸಿದೆ. ಗೆಳೆಯ ತನ್ನ ಹಳೇ ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಸ್ಪೇರ್‌ಗೆ ಇಟ್ಟುಕೋ ಅಂತ ಕೊಟ್ಟಿದ್ದಾನೆ, ಬಳಸಬಹುದಾ?

ಸೋಲ್ಡರ್ ಹೊಗೆ:
ಬೇಡವೇ ಬೇಡ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಬೇರೆ. ಸಲೀಸಾಗಿ ಕೂರುತ್ತದೆ, ಸ್ವಿಚ್ ಹಾಕಿದ ಕ್ಷಣ ಎಸ್‌ಎಸ್‌ಡಿ ಸುಟ್ಟುಹೋಗಬಹುದು. ಕೇಬಲ್ ಅವನಿಗೇ ವಾಪಸ್ ಕೊಡಿ.