ಇಂಗು ಜಾಸ್ತಿಯಾದ ಇಂಗ್ಲಿಷ್

"ಇವತ್ತು ಕಾಫಿ ನಾನು ಕೊಡಿಸ್ತೀನಿ" ಅಂತ ಮೇಷ್ಟ್ರು ಅಂದಾಗಲೇ ನಮಗೆ ಅನುಮಾನ ಬರಬೇಕಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಈ ಮನುಷ್ಯ 20 ವರ್ಷದ ಗೆಳೆತನದಲ್ಲಿ ಜೇಬಿಗೆ ಕೈ ಹಾಕಿದ್ದು ಕರ್ಚೀಫಿಗೆ ಮಾತ್ರ.

ವಿಷಯ ಎತ್ತಿದ್ದು ಸೀನ. ನಾಳೆ ಮಗಳಿಗೆ ಟೆಸ್ಟಂತೆ, ಇಂಗ್ಲಿಷ್ ಕ್ರಿಯಾಪದದ ವಿಧಗಳು. "ನಮ್ಮ ಕಾಲದಲ್ಲಿ ಗೋ-ವೆಂಟ್-ಗಾನ್, ಪುಟ್-ಪುಟ್-ಪುಟ್ ಅಂತ ಉರು ಹೊಡೆದರೆ ಮುಗೀತಿತ್ತು. ಈಗ ಮೇನ್ ಅಂತೆ, ಆಕ್ಸಿಲಿಯರಿ ಅಂತೆ, ಮೋಡಲ್ ಅಂತೆ, ಸ್ಟೇಟಿವ್ ಅಂತೆ. ನಮ್ಮ ಮನೆ ಮದುವೆಗೂ ಇಷ್ಟು ಥರದ ನೆಂಟರು ಬಂದಿರಲಿಲ್ಲ."

"ಅಲ್ಲ, ಗೋಗೂ ವೆಂಟ್‌ಗೂ ಏನು ಸಂಬಂಧ? ಮುಖವೇ ಹೋಲಲ್ಲ" ಅಂದ ಗಿರಿ.

"ಹೇಗೆ ಹೋಲುತ್ತೆ, ದತ್ತು ಮಗು ಅದು" ಅಂದರು ಮೇಷ್ಟ್ರು. ವೆಂಡ್ ಅಂತ ಬೇರೆ ಒಂದು ಕ್ರಿಯಾಪದ ಇತ್ತಂತೆ, ವೆಂಟ್ ಅದರ ಭೂತಕಾಲ. ಗೋದ ಸ್ವಂತ ಭೂತಕಾಲ ಹಳೆಯ ಇಂಗ್ಲಿಷಿನಲ್ಲೇ ಬೇರೆ ಇತ್ತು, ಅದು ಕಾಲಕ್ರಮದಲ್ಲಿ ಕಳೆದುಹೋಯಿತು, ಪಕ್ಕದ ಮನೆಯದನ್ನು ಎತ್ತಿಕೊಂಡು ಬಂದು ಸಾಕಿಕೊಂಡರು.

"ಸರಿ, ಇದನ್ನೆಲ್ಲ ಟೆಸ್ಟಲ್ಲಿ ಕೇಳಲ್ಲ. ಹಿ ಕ್ಯಾನ್ಸ್ ಅಂತ ಬರೆದಿದ್ದಾಳೆ ನನ್ನ ಮಗಳು. ಹಿ ರನ್ಸ್ ಅಂದರೆ ಸರಿ, ಹಿ ಕ್ಯಾನ್ಸ್ ಅಂದರೆ ಯಾಕೆ ತಪ್ಪು ಅಂತ ನನ್ನನ್ನೇ ಕೇಳ್ತಾಳೆ."

"ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಮೋಡಲ್ ಅಂದರೆ ಈ 9 ಜನ. ಮುಂದೆ ಐ ಬರಲಿ, ಹಿ ಬರಲಿ, ಇವರು ಬಟ್ಟೆ ಬದಲಾಯಿಸಲ್ಲ. ನಮ್ಮ ಬೇಕು ಇಲ್ವಾ? ನಾನು ಬೇಕೆನು, ಅವಳು ಬೇಕಳು ಅಂತೀವಾ? ನನಗೂ ಬೇಕು, ಅವಳಿಗೂ ಬೇಕು. ಅಷ್ಟೇ."

ಇದು ನನಗೆ ಭಾರಿ ಹಿಡಿಸಿತು. ಬೇಕು, ಬೇಡ, ಸಾಕು, ಮೂರೂ ಹಾಗೇ ಅಲ್ವಾ? ಅದೇ ಇನ್ನೊಂದು ಕಡೆ ನೋಡಿ, ಬಿ ಅನ್ನೋ ಎರಡಕ್ಷರದ ಪುಟ್ಟ ಕ್ರಿಯಾಪದಕ್ಕೆ 8 ವೇಷ. ಆಮ್, ಈಸ್, ಆರ್, ವಾಸ್, ವರ್ ಅಂತ ದಿನವಿಡೀ ಬಟ್ಟೆ ಬದಲಾಯಿಸೋದೇ ಅದರ ಕೆಲಸ. ನಾವು "ಅವನು ನನ್ನ ತಮ್ಮ" ಅಂದರೆ ಮುಗೀತು. ಇಂಗ್ಲಿಷಿನಲ್ಲಿ ಅಣ್ಣನಿಗೂ ತಮ್ಮನಿಗೂ ನಡುವೆ ಈಸ್ ಅನ್ನೋ ದಲ್ಲಾಳಿ ಬೇಕೇ ಬೇಕು.

ಆಮೇಲೆ ಗಿರಿ ಬಾಯಿಬಿಟ್ಟ. ಅವನದು ಸಾಫ್ಟ್‌ವೇರ್. ಹೊಸದಾಗಿ ಸೇರಿದಾಗ ಅಮೆರಿಕದ ಕ್ಲೈಂಟ್ ಜೊತೆ ಕಾಲ್, ಕೆಲಸದ ಮಾತಿಗೆ ಮುಂಚೆ ಮನೆ ಮಂದಿಯ ವಿಚಾರ ಬಂತು. ಇವನು ಹೆಮ್ಮೆಯಿಂದ "ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್" ಅಂದ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ "ಓ, ಟ್ವಿನ್ಸ್! ಕಂಗ್ರಾಜುಲೇಶನ್ಸ್! ಡ್ಯೂ ಡೇಟ್ ಯಾವಾಗ?" ಅಂತ ಕೇಳಿದರಂತೆ. ಪ್ರಾಜೆಕ್ಟಿನ ಬಗ್ಗೆ ಕೇಳ್ತಿದ್ದಾರೆ ಅಂದುಕೊಂಡು ಇವನು, "ಮುಂದಿನ ಶುಕ್ರವಾರ, ಇಡೀ ಟೀಮ್ ಹಗಲೂ ರಾತ್ರಿ ಕೆಲಸ ಮಾಡ್ತಿದೆ" ಅಂದುಬಿಟ್ಟ.

ಸೀನನ ಮೂಗಿನಿಂದ ಕಾಫಿ ಬಂತು. ನಿಜವಾಗಿ ಬಂತು, ಪಕ್ಕದ ಟೇಬಲ್ಲಿನವರು ನೀರು ಕೊಟ್ಟರು.

"ಅದೇ ಕಣಯ್ಯ ಸ್ಟೇಟಿವ್ ಅಂದರೆ" ಅಂತ ಮೇಷ್ಟ್ರು ಕಣ್ಣೊರೆಸಿಕೊಂಡರು. "ಹ್ಯಾವ್ ಅಂದರೆ ಸುಮ್ನೆ 'ಇದೆ' ಅಂತ ಅರ್ಥ ಬಂದರೆ ಇಂಗ್ ಹಚ್ಚಬೇಡ. ತಿನ್ನೋದು, ಕುಡಿಯೋದು, ಹೆರೋದು ಆದರೆ ಧಾರಾಳವಾಗಿ ಹಚ್ಚು. ಹ್ಯಾವಿಂಗ್ ಕಾಫಿ ಸರಿ. ಹ್ಯಾವಿಂಗ್ ಎ ಸ್ಕೂಟರ್ ಅಂದರೆ ಸ್ಕೂಟರ್ ತಿಂತಿದ್ದೀಯ ಅನ್ನೋ ಹಾಗಾಗುತ್ತೆ. ಗೊತ್ತಿರೋದು ಅನ್ನೋ ನೋ, ಸೇರಿರೋದು ಅನ್ನೋ ಬಿಲಾಂಗ್, ಇವೂ ಅದೇ ಜಾತಿ. ನನಗೆ ಗೊತ್ತು ಅನ್ನೋದು ಮಾಡೋ ಕೆಲಸ ಅಲ್ಲ, ಇರೋ ಸ್ಥಿತಿ. ಐ ಆಮ್ ನೋಯಿಂಗ್ ಅಂತ ಬೆವರು ಸುರಿಸೋ ಅಗತ್ಯ ಇಲ್ಲ."

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರಲ್ಲ, ನಾವು ತೆಂಗು ಬಿಟ್ಟು ಬರೀ ಇಂಗಿನಲ್ಲೇ ಇಂಗ್ಲಿಷ್ ಮುಗಿಸಿದವರು.

ಸೀನ ಸುಧಾರಿಸಿಕೊಂಡು, "ನನ್ನದೂ ಒಂದು ಡೌಟು. ನಿನ್ನೆ ಆಫೀಸಲ್ಲಿ ಐ ಕಟ್ ಮೈ ಹೇರ್ ಅಂದೆ, ಎಲ್ಲ ನಕ್ಕರು" ಅಂದ.

"ತಲೆ ನೋಡಿ ನಕ್ಕಿರ್ತಾರೆ" ಅಂದ ಗಿರಿ. ಅದೂ ನಿಜ, ಎಡಗಿವಿ ಹತ್ತಿರ ಒಂದು ಬಯಲು ಸೀಮೆಯೇ ಆಗಿತ್ತು.

"ನೀನೇ ಕನ್ನಡಿ ಮುಂದೆ ನಿಂತು ಕತ್ತರಿ ಆಡಿಸಿದೆ ಅಂತ ತಿಳಿದಿರ್ತಾರೆ" ಅಂದರು ಮೇಷ್ಟ್ರು. "ಐ ಹ್ಯಾಡ್ ಮೈ ಹೇರ್ ಕಟ್ ಅನ್ನು."

"ಮತ್ತೆ ಹ್ಯಾವೇ ಬಂತಾ!"

"ಬರುತ್ತೆ. ಅವರ ಹತ್ತಿರ ನಮ್ಮ ಹಾಗೆ 'ಇಸು' ಅನ್ನೋ ಬಾಲ ಇಲ್ಲ. ನಮ್ಮಲ್ಲಿ ಮಾಡು, ಮಾಡಿಸು. ಕಟ್ಟು, ಕಟ್ಟಿಸು. ಬರೆ, ಬರೆಸು. ಬಾಲ ಹಚ್ಚಿದರೆ ಸಾಕು, ಕೆಲಸ ಇನ್ನೊಬ್ಬನ ತಲೆಗೆ. ಅವರು ಅದಕ್ಕೇ ಹ್ಯಾವನ್ನೋ ಗೆಟ್ಟನ್ನೋ ಕರೆಯಬೇಕು."

ಅಷ್ಟರಲ್ಲಿ ಹುಡುಗ ಬಿಲ್ ತಂದಿಟ್ಟ. ನಾಲ್ಕು ಕಾಫಿ, ಎರಡು ಪ್ಲೇಟು ಮದ್ದೂರು ವಡೆ. ಮೂವರೂ ಮೇಷ್ಟ್ರ ಮುಖ ನೋಡಿದೆವು. ಅವರು ನಿಧಾನವಾಗಿ ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡರು.

"ಮೇಷ್ಟ್ರೇ, ಕೊಡಿಸ್ತೀನಿ ಅಂದಿದ್ರಿ."

"ಹೂಂ, ಕೊಡಿಸ್ತೀನಿ ಅಂದೆ. ಕೊಡ್ತೀನಿ ಅಂದ್ನಾ?" ಅಂತ ಬಿಲ್ಲನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. "ಗಿರಿ, ಕೊಡು."